ಆಶ್ರಮದ ರೂಮಿನ ರಿಪೇರಿ ಯಾರ ತಲೆಗೆ? ಅನುಭವ ಇದ್ದೋರು ಹೇಳಿ

ಕುವೆಂಪುನಗರದ ಸೊಸೆ: ನಮ್ಮತ್ತೆ (78) ಮೈಸೂರಲ್ಲೇ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಬಚ್ಚಲಿನ ಹಿಡಿಕೆ ಅಲ್ಲಾಡ್ತಿದೆ, ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತಂತೆ. ಆಫೀಸಲ್ಲಿ ಹೇಳಿ 2 ತಿಂಗಳಾಯ್ತು. ನಾವೇ ದುಡ್ಡು ಹಾಕಿ ಮಾಡಿಸ್ಬಿಡೋದಾ?

ಬೋಗಾದಿ ಮಗ: 2 ತಿಂಗಳಾ? ನಾನು 11 ದಿನ ಕಾದಿದ್ದಕ್ಕೇ ಅನುಭವಿಸಿದೀನಿ. ಅಪ್ಪನ ಕಮೋಡ್ ಪಕ್ಕದ ಹಿಡಿಕೇನ ಟೈಲ್ಸಿಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಎರಡು ಸ್ಕ್ರೂ ಬಿಗಿದಿದ್ರು, ಅಷ್ಟೇ. ಬೆಳಗಿನ ಜಾವ ಕೈಗೇ ಬಂತು. ಸೊಂಟದ ಮೂಳೆ. ಆಪರೇಷನ್ 2,35,000. ಆಯಾಗೆ ದಿನಕ್ಕೆ 900ರಂತೆ 47 ದಿನ, 42,300. ವಾಕರ್ 1,850. ಆಮೇಲೆ ನಾನೇ ನಿಂತು ಇಟ್ಟಿಗೆವರೆಗೂ ಕೊರೆಸಿ ಆಂಕರ್ ಬೋಲ್ಟ್ ಹಾಕಿಸ್ದೆ. ಕೂಲಿ ಸೇರಿ 1,400! ಆ ಚೀಟಿ ಇನ್ನೂ ಪರ್ಸಲ್ಲಿದೆ.

ಮಂಡ್ಯದೋಳು: ನಾವು ನಮ್ಮವ್ವನ್ನ ವಾಪಸ್ ಕರ್ಕಂಬಂದು 3 ವರ್ಸ ಆಯ್ತು. ನುಣ್ಣನೆ ಟೈಲ್ಸ್ ಕಿತ್ತು ತರಿ ಟೈಲ್ಸ್ ಹಾಕ್ಸಕ್ಕೆ 31,000, ರೂಮಿನ ಹೊಸ್ತಿಲು ಒಡ್ಸಕ್ಕೆ 2,500. ಹೊಸ್ತಿಲು ಒಡುದ್ರೆ ಮನೆಗಾಗಕಿಲ್ಲ ಅಂತ ಚಿಕ್ಕಪ್ಪ ಇನ್ನೂ ಮಾತಾಡ್ಸಕಿಲ್ಲ. ಆದ್ರೂ ಹೆತ್ತೋರ್ನ ಅಲ್ ಬುಟ್ಟು ಬೋಲ್ಟ್ ಲೆಕ್ಕ ಹಾಕೋದ್ಕಿಂತ ವಾಸಿ ಕಣ್ರಪ್ಪ.

ಬೋಗಾದಿ ಮಗ: ಮೇಡಂ, ನಾನೂ ನನ್ ಹೆಂಡ್ತೀನೂ ಇಬ್ರೂ ಹೆಬ್ಬಾಳ ಫ್ಯಾಕ್ಟ್ರಿ ಶಿಫ್ಟು. ಹಗಲು ಅಪ್ಪನ್ನ ಯಾರು ಎತ್ತಿ ಕೂರಿಸ್ತಿದ್ರು, ನೀವು ಬರ್ತಿದ್ರಾ?

ಹಳೇ ವೈರ್‌ಮನ್: ಜಗಳ ಆಮೇಲೆ ಆಡ್ಕೊಳ್ಳಿ. ಆ ಗೀಸರ್ ಇವತ್ತೇ ಆಫ್ ಮಾಡ್ಸಿ. 22 ವರ್ಷದಲ್ಲಿ ಎಷ್ಟೋ ಕಡೆ ನೋಡಿದೀನಿ, ಬೋರ್ ನೀರಿಗೆ ಕಾಯಿಲ್ ಮೇಲೆ ಉಪ್ಪು ಕಟ್ಟಿ ಒಡೆದು ನೀರಿಗೆ ಕರೆಂಟ್ ಬರುತ್ತೆ, ಅರ್ತ್ ವೈರ್ ಕೇಳಲೇಬೇಡಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್ಚು) ಇರ್ಬೇಕು, ಅದರ ಟೆಸ್ಟ್ ಗುಂಡಿ ಆಗಾಗ ಒತ್ತಿ ನೋಡ್ಬೇಕು. ಒಂದು ಆಶ್ರಮದಲ್ಲಿ ಒತ್ತಿದ್ರೆ ಬೀಳ್ಲೇ ಇಲ್ಲ. ಬದಲಾಯಿಸ್ದೆ, ನನ್ನ 3,200 ಇವತ್ತಿಗೂ ಬಾಕಿ.

ಸರಸ್ವತಿಪುರಂ ನಿವೃತ್ತ: ಬೋರ್ಡಿನಲ್ಲಿ ಎಂಸಿಬಿ ಸ್ವಿಚ್ಚು ಇದ್ದರೆ ಸಾಕು, ಸುಮ್ಮನೆ ಹೆದರಿಸಬೇಡಿ. ನಾನು ಇಲ್ಲಿನ ಆಶ್ರಮಕ್ಕೆ ಸೇರಿದ ಮೇಲೆ ದೂರನ್ನೆಲ್ಲ ಬರೆದೇ ಕೊಡುವುದು, ನಕಲಿಗೆ ಸೀಲು, ತಾರೀಖು. ಮೂರನೆಯದರಲ್ಲಿ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡುತ್ತೇನೆ ಎಂದು ಬರೆದೆ, ಮಂಚದ ಚಕ್ರದ ಲಾಕು ಮರುದಿನವೇ ರೆಡಿ.

ಹಳೇ ವೈರ್‌ಮನ್: ಸಾರ್, ಎಂಸಿಬಿ ಬೀಳೋದು ಓವರ್‌ಲೋಡಿಗೆ, ಶಾರ್ಟಿಗೆ. ಮೈಮೇಲೆ ಹರಿಯೋ ಸಣ್ಣ ಕರೆಂಟು ಅದಕ್ಕೆ ಗೊತ್ತೇ ಆಗಲ್ಲ. ಪ್ರಾಣ ಹೋಗಕ್ಕೆ ಅಷ್ಟೇ ಸಾಕು.

ಸರಸ್ವತಿಪುರಂ ನಿವೃತ್ತ: ನಮ್ಮಲ್ಲಿ ಕಾವೇರಿ ನೀರು ಸ್ವಾಮಿ. ಉಪ್ಪು ಅಷ್ಟಾಗಿ ಕಟ್ಟಲ್ಲ, ಕಾಯಿಲೂ ಬೇಗ ಒಡೆಯಲ್ಲ.

ಮಂಡ್ಯದೋಳು: ಕಾವೇರಿ ನೀರಂತೆ! ಕನ್ನಂಬಾಡಿ ಕಟ್ಟೆ ಇರೋದು ನಮ್ ಜಿಲ್ಲೇಲಿ, ನಮ್ ಬೀದೀಲಿ ಇವತ್ತೂ ಬೋರೇಯ.