ಸಮಸ್ಯೆ: ಮಾತಾಡದೆ ಸುಮ್ಮನಿರ್ದು ಮಾತಾಡಿದಪಂ

ಹಳೆಪಾಕ: ಈ ವಾರದ ಸಮಸ್ಯಾಪೂರಣ ಕಂದದಲ್ಲಿ, ಅಂದರೆ ಮಾತ್ರಾಗಣಗಳ ನಾಲ್ಕು ಸಾಲಿನ ಪದ್ಯದಲ್ಲಿ. ನಾಲ್ಕನೆಯ ಸಾಲು ಮೇಲಿದೆ, ಮೊದಲ ಮೂರನ್ನು ನೀವು ಕಟ್ಟಬೇಕು. ವಸ್ತು ಅದ್ವೈತಿಗಳ ಮೌನ ಮತ್ತು ಬೋಧೆ. ಆಲದಡಿ ಮೌನದಿಂದಲೇ ಬೋಧಿಸುವ ಶಿವ, ಆ ದಕ್ಷಿಣಾಮೂರ್ತಿಯ ಕಡೆಗೇ ಎಲ್ಲರ ಕೈ ಹೋಗುತ್ತದೆಂದು ಗೊತ್ತು. ಹೋಗಲಿ, ಆದರೆ ಹೊಸದೇನಾದರೂ ತನ್ನಿ.

ಕಂದರಾಜ: ಬೋಣಿ ನನ್ನದು.

ಆತಂ ತರುಣಂ ವಟದಡಿ
ಶಾತಮತಿಗಳಾದ ಶಿಷ್ಯರಜ್ಜರ್ ನೆರೆದರ್
ಚೇತದ ಸಂಶಯಮಳಿವೊಲ್
ಮಾತಾಡದೆ ಸುಮ್ಮನಿರ್ದು ಮಾತಾಡಿದಪಂ

ಪ್ರಾಸಪಾಲ: ನಾಶವಾಗುವ ಅರ್ಥಕ್ಕೆ ‘ಅೞಿ’ ಎಂದು ಬರೆಯಿರಿ. ‘ಅಳಿ’ ದುಂಬಿಯಾದೀತು. ಮಿಕ್ಕದ್ದು ಸರಿ. ನನ್ನ ತಕರಾರು ಸಮಸ್ಯೆಯ ಮೇಲೆಯೇ, ರಾಯರೇ. ‘ಮಾತಾಡದೆ’ ಎಂದಾದ ಮೇಲೆ ‘ಸುಮ್ಮನಿರ್ದು’ ಏಕೆ? ಗಣ ತುಂಬಿಸಿದ ಹಾಗಿದೆ. ಇನ್ನು ‘ಇರ್ದು’ವಿನ ಒತ್ತನ್ನು ಶಿಥಿಲವೆಂದು, ಎಂದರೆ ತೇಲಿಸಿ ಹಿಂದಿನ ಅಕ್ಷರವನ್ನು ಲಘುವಾಗಿಯೇ ಉಳಿಸಿ ಓದಿದರೆ, ಮೂರನೆಯ ಸಾಲಿನಿಂದ ಎಣಿಸಿದ ಆರನೆಯ ಗಣವೇ ಕುಸಿಯುತ್ತದೆ.

ಹಳೆಪಾಕ: ಕುಸಿಯುವುದಿಲ್ಲ. ‘ಎರ್ದೆ’ ಮುಂದೆ ‘ಎದೆ’ ಆಯಿತು, ‘ಬರ್ದುಕು’ ‘ಬದುಕು’ ಆಯಿತು. ಅಲ್ಲಿ ಒತ್ತು ತೇಲುತ್ತಿತ್ತು, ಹಾಗಾಗಿ ರೇಫ ಬಿದ್ದಾಗ ಏನೂ ಉಳಿಯಲಿಲ್ಲ. ‘ಇರ್ದು’ ಆದದ್ದು ‘ಇದ್ದು’. ರೇಫ ಹೋದ ಜಾಗವನ್ನು ದಕಾರ ತುಂಬಿತು, ಭಾರ ಹಾಗೇ ನಿಂತಿತು. ಪುನರುಕ್ತಿಯೂ ಅಲ್ಲ. ಮಾತಾಡದಿರುವುದು ನಾಲಗೆಯ ಕೆಲಸ, ಸುಮ್ಮನಿರುವುದು ಮನಸ್ಸಿನದು. ವಾಙ್ಮೌನ ಹಿಡಿದು ದಿನವೆಲ್ಲ ಸ್ಲೇಟಿನ ಮೇಲೆ ಬರೆಯಬಹುದು. ಕಾಷ್ಠಮೌನದಲ್ಲಿ ಕಣ್ಸನ್ನೆಯೂ ಇಲ್ಲ.

ಪ್ರಾಸಪಾಲ: ‘ಇರ್ದು’ ಒಪ್ಪಿದೆ. ಪುನರುಕ್ತಿಯ ಮಾತು ಇನ್ನೂ ಮುಗಿದಿಲ್ಲ.

ಭಾಷ್ಯವಾಸಿ: ಕಂದರಾಜರೇ, ಪದ್ಯ ಹದವಾಗಿದೆ. ಆದರೆ ಆಲದ ಮರ, ಮುದುಕ ಶಿಷ್ಯರು, ಮೌನವ್ಯಾಖ್ಯಾನ ಇವೆಲ್ಲ ದಕ್ಷಿಣಾಮೂರ್ತಿ ಸ್ತೋತ್ರದ ಧ್ಯಾನಶ್ಲೋಕಗಳ ಸಾಮಗ್ರಿ. ಮೂಲದ ಹತ್ತು ಶಾರ್ದೂಲವಿಕ್ರೀಡಿತ ವೃತ್ತಗಳನ್ನು ತೆಗೆದು ನೋಡಿ. ಮೂರನೆಯದರಲ್ಲಿ ಗುರು ‘ತತ್ತ್ವಮಸಿ’ ಎಂಬ ವೇದವಚನದಿಂದಲೇ ಆಶ್ರಿತರಿಗೆ ಬೋಧಿಸುತ್ತಾನೆ. ಏಳನೆಯದರಲ್ಲಿ ಭದ್ರಮುದ್ರೆಯೆಂಬ ಕೈಸನ್ನೆಯಿಂದ ತೋರಿಸುತ್ತಾನೆ. ವಚನ ಮೊದಲು, ಮುದ್ರೆ ಆಮೇಲೆ. ನಿಮ್ಮ ಪದ್ಯದಲ್ಲಿ ಎರಡೂ ಇಲ್ಲ. ಸಂಶಯ ಯಾವ ದಾರಿಯಿಂದ ಅೞಿಯಿತು?

ಕಂದರಾಜ: ಶಾಸ್ತ್ರಿಗಳು ಕೇಳಿದ ಮೇಲೆ ಕೊಡಲೇಬೇಕು. ಮೂರನೆಯ ಸಾಲು ಹೀಗಿರಲಿ:

ಏತರ ಸೊಲ್? ಚಿನ್ಮುದ್ರೆಯೆ!

ಭಾಷ್ಯವಾಸಿ: ಇದು ಮೊದಲಿನದಕ್ಕಿಂತ ಮೇಲು.

ಪ್ರಾಸಪಾಲ: ಮೇಲೇನೋ ಹೌದು. ಆದರೆ ರಾಯರ ಕಾಷ್ಠಮೌನದ ಲೆಕ್ಕದಲ್ಲಿ ಮುದ್ರೆಯೂ ಸನ್ನೆಯೇ. ಹಾಗಾದರೆ ‘ಸುಮ್ಮನಿರ್ದು’ ಎಲ್ಲಿ ಉಳಿಯಿತು?

ಹಳೆಪಾಕ: ಮನಸ್ಸಿನದು ಎಂದು ಹೇಳಿದೆನಲ್ಲ. ಮುಂದೆ ಹೋಗಿ.

ಎಳೆಗರಿ: ದೊಡ್ಡವರ ನಡುವೆ ನನ್ನದೊಂದು. ತಪ್ಪಿದ್ದರೆ ತಿದ್ದಿ.

ಶಾಂತಿಯಿನರುಣಾಚಲದೊಳ್
ಜಾತಪ್ರಶ್ನೆಗೆ ಮಳಲ್ಗಳೊಳ್ ಬರೆಯುತ್ತುಂ
ಆತಂ ರಮಣಂ ಕಾಣಿರೊ
ಮಾತಾಡದೆ ಸುಮ್ಮನಿರ್ದು ಮಾತಾಡಿದಪಂ

ಪ್ರಾಸಪಾಲ: ಪ್ರಾಸದಲ್ಲಿ ಮೂರು ಸಾಲು ಆನೆ (ಗಜ: ಪ್ರಾಸಾಕ್ಷರದ ಹಿಂದೆ ದೀರ್ಘ), ಮೊದಲನೆಯದು ಎತ್ತು (ವೃಷಭ: ಹಿಂದೆ ಬಿಂದು). ಬಿಂದು ತೆಗೆಯಿರಿ.

ಎಳೆಗರಿ: ಕ್ಷಮಿಸಿ. ‘ಪ್ರೀತಿಯಿನರುಣಾಚಲದೊಳ್’ ಆಗಬಹುದೇ?

ಪ್ರಾಸಪಾಲ: ಆಯಿತು. ಇನ್ನು ‘ಮಳಲ್ಗಳೊಳ್’. ಮರಳಿಗೆ ಬಹುವಚನ ಕನ್ನಡದ ನಾಲಗೆಗೆ ಒಗ್ಗದು. ಜಗಣ (ಲಘು-ಗುರು-ಲಘು) ಬೇಕಾಗಿತ್ತು, ‘ಗಳ್’ ಸೇರಿತು. ‘ಜಾತ’ವೂ ಅಂಥದ್ದೇ. ಪ್ರಶ್ನೆ ಹುಟ್ಟದೆ ಉತ್ತರ ಬರೆಯುವವರಾರು? ಪ್ರಾಸಕ್ಕಾಗಿ ತಂದ ಶಬ್ದ ಅರ್ಥಕ್ಕೆ ದುಡಿಯದಿದ್ದರೆ ಓದುವಾಗ ಅಲ್ಲೇ ಎಡವುತ್ತದೆ.

ತುಂಗಾತೀರ: ಎಳೆಗರಿ, ಇವರ ಬಿರುಸಿಗೆ ಹೆದರಬೇಡಪ್ಪ, ಸಂಗತಿ ಗಟ್ಟಿಯಾಗಿದೆ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಕೇಳಿದ ಪ್ರಶ್ನೆಗಳಿಗೆ ರಮಣ ಮಹರ್ಷಿಗಳು ಮರಳಲ್ಲಿ, ಸ್ಲೇಟಲ್ಲಿ ಬರೆದೇ ಉತ್ತರ ಕೊಟ್ಟರು. ‘ನಾನು ಯಾರು’ ಎಂಬ ಪುಸ್ತಕ ಬೆಳೆದದ್ದು ಅದರಿಂದಲೇ. ‘ಜಾತ’ವನ್ನು ಮಾತ್ರ ಬದಲಿಸು.

ಕಂದರಾಜ: ಬರೆದರೆ ಅದು ಮೌನ ಹೇಗಾದೀತು, ಅಕ್ಕಾ? ಅದೂ ಮಾತೇ, ಬೆರಳಿನ ಮಾತು. ಮುಂದೆ 1927ರಲ್ಲಿ ‘ಉಪದೇಶಸಾರ’ದ 30 ಪದ್ಯಗಳನ್ನೂ ರಚಿಸಿದರು.

ತುಂಗಾತೀರ: ನಿಮ್ಮ ಚಿನ್ಮುದ್ರೆಗೆ ಕೊಟ್ಟ ರಿಯಾಯಿತಿಯನ್ನು ಹುಡುಗನ ಮರಳಿಗೂ ಕೊಡಿ. ನನ್ನ ಪದ್ಯ ಇದು, ಶೃಂಗೇರಿಯ 34ನೆಯ ಪೀಠಾಧಿಪತಿ ಚಂದ್ರಶೇಖರ ಭಾರತಿಗಳ ಮೇಲೆ. 1912ರಿಂದ 1954ರವರೆಗೆ ಪೀಠದಲ್ಲಿದ್ದವರು. ‘ವಿವೇಕಚೂಡಾಮಣಿ’ಗೆ ವ್ಯಾಖ್ಯಾನ ಬರೆದವರೂ ಅವರೇ, ದೀರ್ಘಕಾಲ ಅಂತರ್ಮುಖರಾಗಿ ಉಳಿದವರೂ ಅವರೇ.

ಮಾತಿನ ದೇವಿಯ ನೆಲೆಯೊಳ್
ಪೂತಾತ್ಮಂ ತುಂಗೆ ಮೊರೆಯೆ ಯತಿ ತಾನೊರ್ವಂ
ಶ್ರೋತೃಗಳಂ ನಿಟ್ಟಿಸುತುಂ
ಮಾತಾಡದೆ ಸುಮ್ಮನಿರ್ದು ಮಾತಾಡಿದಪಂ

ಹಳೆಪಾಕ: ಭೇಷ್.

ಪ್ರಾಸಪಾಲ: ‘ತುಂಗೆ’ ಮುಗಿದಲ್ಲಿ ಯತಿ, ಅಂದರೆ ಪದ್ಯದ ನಿಲುಗಡೆ, ತಾನಾಗಿ ಬಿತ್ತು. ಸರಿ.

ಕಂದರಾಜ: ಶಾರದೆಯ ಮನೆಯಲ್ಲಿ ಮೌನ! ಅಕ್ಕನಿಗೆ ನಮಸ್ಕಾರ. ಈಗ ನನ್ನ ಎರಡನೆಯದು. ಶಂಕರರ ಬ್ರಹ್ಮಸೂತ್ರಭಾಷ್ಯದಿಂದಲೇ ತಂದಿದ್ದೇನೆ, ಶಾಸ್ತ್ರಿಗಳು ಈ ಸಲ ಸುಮ್ಮನಿರಬಹುದು.

ಆತಂ ಬಾಧ್ವಂ, ಬಾಷ್ಕಲಿ
ಚಾತಕಮೆನೆ ಮೂಱು ಬಾರಿ ಬೆಸಗೊಂಡೊಡೆಯುಂ
ಓತುಪಶಾಂತಂ ತಾನೆನೆ
ಮಾತಾಡದೆ ಸುಮ್ಮನಿರ್ದು ಮಾತಾಡಿದಪಂ

ಭಾಷ್ಯವಾಸಿ: ಸುಮ್ಮನಿರಲಾರೆ. 3.2.17ರ ಭಾಷ್ಯದಲ್ಲಿ ಶಿಷ್ಯ ಬಾಷ್ಕಲಿ ಬ್ರಹ್ಮವನ್ನು ಬೋಧಿಸೆಂದು ಕೇಳುತ್ತಾನೆ, ಗುರು ಬಾಧ್ವ ತೂಷ್ಣೀಂಭಾವದಲ್ಲಿ, ಸುಮ್ಮನೆ, ಇರುತ್ತಾನೆ. ಎರಡನೆಯದೋ ಮೂರನೆಯದೋ ಸಲ ಕೇಳಿದಾಗ ಬಾಯಿಬಿಟ್ಟೇ ಹೇಳುತ್ತಾನೆ: ‘ಬ್ರೂಮಃ ಖಲು, ತ್ವಂ ತು ನ ವಿಜಾನಾಸಿ. ಉಪಶಾಂತೋಽಯಮಾತ್ಮಾ.’ ಹೇಳುತ್ತಲೇ ಇದ್ದೇವೆ, ತಿಳಿಯದವನು ನೀನು, ಈ ಆತ್ಮ ಉಪಶಾಂತ ಎಂದು. ನಿಮ್ಮ ‘ಒಡೆಯುಂ’ ಹೇಳುವುದೇನು? ಮೂರು ಸಲ ಕೇಳಿದರೂ ಬಾಯಿ ತೆರೆಯಲಿಲ್ಲ ಎಂದು. ಕಥೆ ತಲೆಕೆಳಗಾಯಿತು.

ಕಂದರಾಜ: ತಲೆಕೆಳಗಾಗಿಲ್ಲ. ಆ ಕಥೆಯ ಪೀಠಿಕೆಯಲ್ಲಿ ಆಚಾರ್ಯರು ‘ಅವಚನೇನೈವ ಬ್ರಹ್ಮ ಪ್ರೋವಾಚ’ ಎನ್ನುತ್ತಾರೆ. ಮಾತಾಡದೆಯೇ ಬ್ರಹ್ಮವನ್ನು ಹೇಳಿದ ಎಂದು. ಅವಚನದಿಂದ, ಅದೂ ‘ಏವ’ಕಾರದೊಡನೆ. ಸಮಸ್ಯೆಯ ಸಾಲು ಅದರ ಪಡಿಯಚ್ಚು. ಮೂರನೆಯ ಸಲದ ಮಾತು ಉಪದೇಶವಲ್ಲ, ಉಪದೇಶ ಆಗಲೇ ನಡೆದಿದೆ ಎಂಬ ಸೂಚನೆ.

ಭಾಷ್ಯವಾಸಿ: ಚೆನ್ನಾಗಿ ಹಿಡಿದಿರಿ. ಆದರೆ ಆ ಸೂಚನೆ ಇಲ್ಲದಿದ್ದರೆ ಬಾಷ್ಕಲಿ ನಾಲ್ಕನೆಯ ಸಲವೂ ಕೇಳುತ್ತಿದ್ದ. ಇನ್ನೂ ಒಂದಿದೆ. ಭಾಷ್ಯದಲ್ಲಿ ಈ ಕಥೆ ಎಲ್ಲಿ ಬರುತ್ತದೆ ನೋಡಿ. ಮೊದಲು ‘ನೇತಿ ನೇತಿ’, ಆಮೇಲೆ ವಿದಿತಕ್ಕೂ ಅವಿದಿತಕ್ಕೂ ಬೇರೆ ಎನ್ನುವ ಕೇನೋಪನಿಷತ್ತಿನ ವಾಕ್ಯ, ಆಮೇಲೆ ‘ಯತೋ ವಾಚೋ ನಿವರ್ತಂತೇ’ (ಮಾತುಗಳು ಎಲ್ಲಿಂದ ಹಿಂದಿರುಗುತ್ತವೆಯೋ), ಅದಾದ ಮೇಲೆ ಬಾಷ್ಕಲಿ. ಅಲ್ಲಗಳೆಯಬೇಕಾದ್ದನ್ನೆಲ್ಲ ಮಾತಿನಿಂದ ಅಲ್ಲಗಳೆದಾದ ಮೇಲೆ ಮೌನಕ್ಕೆ ಸರದಿ. ಬ್ರಹ್ಮದ ಮೇಲೆ ಇಲ್ಲದ್ದನ್ನು ಮೊದಲು ಹೊರಿಸುವ ಅಧ್ಯಾರೋಪವಿಲ್ಲದೆ ಅದನ್ನು ತೆಗೆದುಹಾಕುವ ಅಪವಾದವಿಲ್ಲ. ಅಪವಾದವಿಲ್ಲದ ಮೌನವನ್ನು ಶಿಷ್ಯ ತನಗೆ ಬೇಕಾದ ಹಾಗೆ ಓದಿಕೊಳ್ಳುತ್ತಾನೆ: ಗುರುವಿಗೆ ಗೊತ್ತಿಲ್ಲ, ಅಥವಾ ಸಿಟ್ಟು ಬಂದಿದೆ, ಅಥವಾ ಬ್ರಹ್ಮವೆಂದರೆ ಶೂನ್ಯ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಸೂತ್ರಭಾಷ್ಯವನ್ನು ಕನ್ನಡಕ್ಕೆ ತಂದು, ಅಧ್ಯಾರೋಪಾಪವಾದವನ್ನೇ ಪ್ರಕ್ರಿಯೆಯ ಜೀವವೆಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕಂದರಾಜ: ಅಷ್ಟನ್ನೆಲ್ಲ ಒಂದು ಕಂದದೊಳಗೆ ತುರುಕಲೇ?

ಪ್ರಾಸಪಾಲ: ತುರುಕಬೇಕಿಲ್ಲ. ‘ಒಡೆಯುಂ’ ಕಿತ್ತು ‘ವಿನೆಗಂ’ ಹಾಕಿ, ಸಾಕು.

ಚಾತಕಮೆನೆ ಮೂಱು ಬಾರಿ ಬೆಸಗೊಳ್ವಿನೆಗಂ

ಮೂರು ಸಲ ಕೇಳುವವರೆಗೆ ಮಾತಾಡದೆ ಸುಮ್ಮನಿದ್ದು, ಆಮೇಲೆ ಮಾತಾಡುತ್ತಾನೆ. ಗಣ ಒಂದೂ ಅಲುಗಲಿಲ್ಲ.

ಕಂದರಾಜ: ಗಣ ಅಲುಗಲಿಲ್ಲ, ವಿರೋಧವೇ ಹೋಯಿತು! ‘ಸುಮ್ಮನಿರ್ದು’ ಆದ ಮೇಲೆ ಅಲ್ಪವಿರಾಮ ಬಿತ್ತು. ಮೊದಲು ಸುಮ್ಮನಿದ್ದ, ಆಮೇಲೆ ಮಾತಾಡಿದ ಎಂದರೆ ಅದು ವರದಿ. ಸಮಸ್ಯೆಗೆ ಚಮತ್ಕಾರ ಬೇಡವೇ?

ಪ್ರಾಸಪಾಲ: ವಿರೋಧವನ್ನು ಬಿಡಿಸುವುದೇ ಪೂರಣ. ನೀವು ಗಂಟನ್ನು ಗಂಟಾಗಿಯೇ ಕೈಗಿತ್ತಿರಿ.

ಭಾಷ್ಯವಾಸಿ: ವಿರೋಧ ಹೋಗಿಲ್ಲ. ‘ಬ್ರೂಮಃ’ ವರ್ತಮಾನಕಾಲ. ‘ಹೇಳುತ್ತಿದ್ದೇವೆ’ ಎಂಬುದು ಹಿಂದಿನ ಮೌನವನ್ನೂ ಮಾತಿನೊಳಗೆ ಸೇರಿಸಿಕೊಳ್ಳುತ್ತದೆ. ‘ಮಾತಾಡಿದಪಂ’ ಕೂಡ ವರ್ತಮಾನವೇ. ‘ವಿನೆಗಂ’ ಹಾಕಿದರೆ ಎರಡು ಅರ್ಥವೂ ನಿಲ್ಲುತ್ತವೆ, ‘ಒಡೆಯುಂ’ ಹಾಕಿದರೆ ಒಂದೇ.

ಕಂದರಾಜ: ಇದಕ್ಕೆ ಉತ್ತರವಿಲ್ಲ. ‘ವಿನೆಗಂ’ ಇರಲಿ. ತಿದ್ದಿದ್ದು ಪ್ರಾಸಪಾಲರೆಂದು ಬರೆದುಕೊಳ್ಳಿ, ಪದ್ಯ ನನ್ನದೆಂದೂ.

ಹಳೆಪಾಕ: ಹಾಗೇ ದಾಖಲಾಯಿತು. ಪುನರುಕ್ತಿಯ ತಕರಾರಿಗೂ ಇಲ್ಲೇ ಪರಿಹಾರ ಸಿಕ್ಕಿತು, ಪ್ರಾಸಪಾಲರೇ. ಮಾತಾಡದಿದ್ದದ್ದು ಮೊದಲೆರಡು ಸಲ. ಸುಮ್ಮನಿದ್ದದ್ದು ಮೂರು ಸಲವೂ, ಮಾತಾಡುವಾಗಲೂ.

ಪ್ರಾಸಪಾಲ: ಒಪ್ಪಿದೆ.

ಎಳೆಗರಿ: ‘ಜಾತಪ್ರಶ್ನೆಗೆ’ ಬದಲು ‘ಶ್ರೋತೃಪ್ರಶ್ನೆಗೆ’ ಎಂದರೆ?

ಪ್ರಾಸಪಾಲ: ಆದೀತು. ಮಳಲ್ಗಳು ಇನ್ನೂ ಹಾಗೇ ಇವೆ.

ತುಂಗಾತೀರ: ಕೆಲವು ಪಾಠಗಳಲ್ಲಿ ಬಾಧ್ವನ ಹೆಸರು ‘ಬಾಹ್ವ’ ಎಂದಿದೆಯಲ್ಲ, ಶಾಸ್ತ್ರಿಗಳೇ?

ಭಾಷ್ಯವಾಸಿ: ಎರಡೂ ಉಂಟು, ತಾಯಿ. ಎರಡೂ ಎರಡು ಗುರುವೇ, ಯಾವುದನ್ನಿಟ್ಟರೂ ಕಂದ ಕೆಡದು.