ಭೂಕಂಪದ ವಿಮೆ: ಮೊದಲ ಶೇ. 15 ನಾನೇ ಹೊರಬೇಕಂತೆ, ಹಾಗಿದ್ದರೆ ಯಾಕೆ ಬೇಕು?

ಹಂಚಿನಮನೆ:

ಹೋದ ತಿಂಗಳು ರಾತ್ರಿ ಎರಡೂವರೆಗೆ ಮಂಚ ಅಲುಗಾಡಿ ಎಚ್ಚರವಾಯಿತು. ನಾಯಿ ಮೈ ಉಜ್ಜುತ್ತಿದೆ ಅಂದುಕೊಂಡೆ. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ. ಏಳೆಂಟು ಸೆಕೆಂಡು ಕಪಾಟಿನ ಗಾಜು ಝಣಝಣ ಅಂದಿತು, ಅಷ್ಟೇ. ಬೆಳಿಗ್ಗೆ ನೋಡಿದರೆ ಹಿಂದಿನ ಕೋಣೆಯ ಬಾಗಿಲ ಮೇಲೆ ಓರೆಯಾಗಿ ಒಂದು ಬಿರುಕು. ಹೊಸದೋ ಹಳೆಯದೋ ಹೇಳಲಾರೆ. ಆ ಗೋಡೆಯನ್ನು ಮುಂಚೆ ಯಾರು ನೋಡಿದ್ದರು!

1979ರಲ್ಲಿ ಅಪ್ಪ ಕಟ್ಟಿಸಿದ ಮನೆ. ಇಟ್ಟಿಗೆ ಗೋಡೆಯೇ ಭಾರ ಹೊರುತ್ತದೆ, ಪಿಲ್ಲರ್ ಇಲ್ಲ. ಹನ್ನೆರಡು ವರ್ಷದ ಹಿಂದೆ ಮೇಲೊಂದು ಕೋಣೆ ಹಾಕಿಸಿದೆ. ಆ ಸಾಲ ಇನ್ನೂ ಆರು ವರ್ಷ ಇದೆ.

ಮನೆಗೆ ಈಗಿರುವ ಪಾಲಿಸಿಯಲ್ಲಿ ಬೆಂಕಿ, ಕಳ್ಳತನ ಇದೆ, ಭೂಕಂಪ ಇಲ್ಲ. ಅದಕ್ಕೆ ಬೇರೆ ಪ್ರೀಮಿಯಂ. ನನ್ನಾಕೆ "ಕಟ್ಟಿಬಿಡಿ, ನಿದ್ದೆ ಬರಲಿ" ಅನ್ನುತ್ತಾಳೆ. ನಾನು ಕಾಗದ ಓದಿದೆ. ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನಾನೇ ಹೊರಬೇಕಾದ ಪಾಲು) ವಿಮಾ ಮೊತ್ತದ ಶೇ. 15. ಅಂದರೆ 100ಕ್ಕೆ ವಿಮೆ ಮಾಡಿಸಿ 12ರಷ್ಟು ನಷ್ಟವಾದರೆ ಒಂದು ಕಾಸೂ ಇಲ್ಲ. 40ರಷ್ಟಾದರೆ 25 ಸಿಗುತ್ತದೆ. ಬಾಗಿಲ ಮೇಲಿನ ಬಿರುಕಿಗಂತೂ ನಾನೇ ಗಾರೆ ಮೆತ್ತಬೇಕು. ಪಕ್ಕದ ಮನೆಯವರು "ಸಣ್ಣದು ಬಂದು ಹೋಯಿತಲ್ಲ, ಭೂಮಿಯ ಒತ್ತಡ ಇಳಿದಿದೆ, ಸುಮ್ನಿರಿ" ಅಂದರು. ಸುಮ್ನಿರಲೇ?

ಅಳತೆಪಟ್ಟಿ:

ಇಪ್ಪತ್ತು ವರ್ಷ ನಷ್ಟ ಅಂದಾಜು ಮಾಡುವ ಸರ್ವೇಯರ್ ಆಗಿದ್ದೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಬೇಡ.

ಮೊದಲು ನಿಮ್ಮ ಪಕ್ಕದ ಮನೆಯವರಿಗೆ. ತೀವ್ರತೆಯ ಅಂಕಿ ಒಂದು ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು. 7ರ ಒಂದು ಕಂಪನದ ಶಕ್ತಿ ತೀರಬೇಕಾದರೆ 4ರ ಕಂಪನಗಳು ಮೂವತ್ತು ಸಾವಿರಕ್ಕೂ ಜಾಸ್ತಿ ಬೇಕು. ನಿಮ್ಮ ಮಂಚ ಅಲುಗಿದ್ದರಿಂದ ಏನೂ ಇಳಿದಿಲ್ಲ. ಹಾಗೆಂದು ದೊಡ್ಡದು ಬಂದೇ ಬರುತ್ತದೆ ಎಂದೂ ಅಲ್ಲ.

ಡಿಡಕ್ಟಿಬಲ್ ಯಾಕಿಷ್ಟು? ಬೆಂಕಿ ಬಿದ್ದರೆ ಒಂದು ಮನೆ ಹೋಗುತ್ತದೆ, ಉಳಿದ ಸಾವಿರ ಮನೆಯವರ ಪ್ರೀಮಿಯಂನಿಂದ ತುಂಬಬಹುದು. ಭೂಕಂಪದಲ್ಲಿ ಆ ಸಾವಿರ ಮನೆಯವರೂ ಒಂದೇ ದಿನ ಅರ್ಜಿ ಹಿಡಿದು ನಿಲ್ಲುತ್ತಾರೆ. 1994ರಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್‌ನಲ್ಲಿ 6.7ರ ಕಂಪನ ಆದ ಮೇಲೆ ಅಲ್ಲಿನ ಎಷ್ಟೋ ಕಂಪನಿಗಳು ಮನೆ ವಿಮೆ ಮಾರುವುದಕ್ಕೇ ಹಿಂಜರಿದವು. ಕೊನೆಗೆ 1996ರಲ್ಲಿ ಸರ್ಕಾರವೇ ಮುಂದಾಗಿ ಭೂಕಂಪದ ವಿಮೆಗೆಂದೇ ಬೇರೊಂದು ಸಂಸ್ಥೆ ಕಟ್ಟಬೇಕಾಯಿತು. "ಬಂದ ಮೇಲೆ ಮಾಡಿಸೋಣ" ಅನ್ನುವವರು ಇದನ್ನು ನೆನಪಿಡಬೇಕು. ದೊಡ್ಡದು ಬಂದ ಮೇಲೆ ಸಿಗುವುದು ಕಷ್ಟ.

ಹಾಗಾಗಿ ಇದು ಬಿರುಕಿನ ವಿಮೆ ಅಲ್ಲ. ಮನೆಯೇ ಹೋದರೆ ಏನು ಗತಿ ಅನ್ನುವುದರ ವಿಮೆ. ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾಳೆ ಗೋಡೆ ಬಿದ್ದರೆ, ಇಲ್ಲದ ಮನೆಯ ಸಾಲದ ಕಂತೂ ಕಟ್ಟುತ್ತಾ ಹೊಸ ಮನೆಯೂ ಎಬ್ಬಿಸಲು ಕೈಲಾಗುತ್ತದೆಯೇ? ಆಗುತ್ತದೆ ಅನ್ನುವುದಾದರೆ ಬಿಡಿ. ಇಲ್ಲವಾದರೆ ಆ 15 ದೊಡ್ಡದಲ್ಲ, ಉಳಿದ 85 ದೊಡ್ಡದು.

ಇನ್ನೊಂದು. ವಿಮಾ ಮೊತ್ತ ಅಂದರೆ ಮನೆ ಮಾರಿದರೆ ಬರುವ ಬೆಲೆ ಅಲ್ಲ, ಮತ್ತೆ ಕಟ್ಟುವ ಖರ್ಚು. ಜಾಗ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಪ್ರೀಮಿಯಂ ಕಟ್ಟಬೇಡಿ.

ಮೊಳೆಸುತ್ತಿಗೆ:

ನಾನಾದರೆ ಆ ದುಡ್ಡನ್ನು ಗೋಡೆಗೆ ಹಾಕುತ್ತಿದ್ದೆ. ಪಿಲ್ಲರ್ ಇಲ್ಲದ ಇಟ್ಟಿಗೆ ಮನೆ, ಅದರ ಮೇಲೆ ಇನ್ನೊಂದು ಕೋಣೆ! ಆ ಕೋಣೆ ಹಾಕುವಾಗ ಇಂಜಿನಿಯರ್‌ಗೆ ತೋರಿಸಿದ್ದಿರಾ? 1995ರಲ್ಲಿ ಜಪಾನಿನ ಕೋಬೆಯಲ್ಲಿ ಸತ್ತವರಲ್ಲಿ ಬಹುಪಾಲು ಜನ ಹಳೆಯ ಮನೆಗಳ ಅಡಿಯಲ್ಲಿ ಸಿಕ್ಕಿ ಹೋದವರು. ಪಾಲಿಸಿ ಕಾಗದ ಮಾಡನ್ನು ಹಿಡಿದು ನಿಲ್ಲಿಸುವುದಿಲ್ಲ, ಅಲ್ವಾ?

ಅಳತೆಪಟ್ಟಿ:

ಒಪ್ಪಿದೆ. ಆದರೆ ಗಟ್ಟಿ ಮಾಡಿದ ಮನೆಯೂ ವಾಸಕ್ಕೆ ಬಾರದಂತೆ ಆಗಬಹುದು. 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನೆಲವೇ ಕೆಸರಿನಂತಾಯಿತು. ಚೆನ್ನಾಗಿ ಕಟ್ಟಿದ ಮನೆಗಳೂ ವಾಲಿದವು. ಅದಕ್ಕೆ ಐದು ತಿಂಗಳ ಮುಂಚೆ 7.1ರದ್ದು ಬಂದು ಹೋಗಿತ್ತು. ಹೆಚ್ಚು ಹಾಳು ಮಾಡಿದ್ದು ಆಮೇಲೆ ಊರಿನ ಹತ್ತಿರವೇ ಬಂದ 6.3.

ಎರಡನೇಸಲ:

ನನಗಾದದ್ದು ಹೇಳುತ್ತೇನೆ. ಪಾಲಿಸಿ ಇತ್ತು, ಕ್ಲೇಮೂ ಹಾಕಿದೆ. ಬಂದವರು "ಇವು ಹಳೆ ಬಿರುಕು" ಅಂದರು. ಅಲ್ಲ ಎನ್ನಲು ನನ್ನ ಬಳಿ ಇದ್ದದ್ದು ಮಗಳ ಹುಟ್ಟುಹಬ್ಬದ ಒಂದು ಫೋಟೋ. ಅದರಲ್ಲಿ ಗೋಡೆಗಿಂತ ಬಲೂನು ಜಾಸ್ತಿ. ಎಂಟು ತಿಂಗಳು ಓಡಾಡಿ ಅರ್ಧ ಸಿಕ್ಕಿತು. ಮಾಡಿಸುವುದಾದರೆ ಮೊದಲು ಎಲ್ಲಾ ಗೋಡೆಗಳ ಫೋಟೋ ತೆಗೆದಿಡಿ, ಬಿರುಕಿನ ಪಕ್ಕ ಸ್ಕೇಲ್ ಹಿಡಿದು. ಕಾಂಪೌಂಡು, ನೀರಿನ ತೊಟ್ಟಿ ಸೇರುತ್ತವೆಯೇ, ರಿಪೇರಿ ಆಗುವವರೆಗೆ ಬೇರೆಡೆ ಇರುವ ಬಾಡಿಗೆ ಕೊಡುತ್ತಾರೆಯೇ, ಇವನ್ನೂ ಓದಿ. ನಾನು ಓದಿರಲಿಲ್ಲ.

ಹಂಚಿನಮನೆ:

ಎಲ್ಲರಿಗೂ ಥ್ಯಾಂಕ್ಸ್. ಮೊಳೆಸುತ್ತಿಗೆಯವರೇ, ಇಂಜಿನಿಯರ್‌ಗೆ ತೋರಿಸಿರಲಿಲ್ಲ. ಮೇಸ್ತ್ರಿ "ಏನೂ ಆಗಲ್ಲ" ಅಂದಿದ್ದ. ಈ ಭಾನುವಾರ ಒಬ್ಬರು ಇಂಜಿನಿಯರ್ ಬಂದು ನೋಡುತ್ತಾರೆ. ಸಾಲ ತೀರುವವರೆಗೆ ಆರು ವರ್ಷ ಪಾಲಿಸಿಯೂ ಇರಲಿ ಅಂತ ಇಬ್ಬರೂ ಒಪ್ಪಿದ್ದೇವೆ. ಫೋಟೋ ತೆಗೆಯುತ್ತಾ ಹೋದೆ, ಇನ್ನೂ ಮೂರು ಬಿರುಕು ಸಿಕ್ಕವು. ಒಂದರ ಮೇಲೆ ಅಪ್ಪನ ಕೈಬರಹದಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು: 1986. ಅವರೂ ಅಳೆದು ನೋಡಿದ್ದರು. ಗೆರೆ ದಾಟಿ ಅದು ಒಂದಿಂಚೂ ಬೆಳೆದಿಲ್ಲ.