ಅಪ್‌ಡೇಟ್: ಮಿಲ್ಲಿಂಗ್ ಮಷಿನ್‌ನಲ್ಲಿ ಎಂ6 ಟ್ಯಾಪ್ ಮುರಿಯುವುದು ನಿಂತಿತು

ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿನ ಬ್ಲೈಂಡ್ ಹೋಲ್‌ಗಳಿಗೆ, ಅಂದರೆ ಆಚೆ ಬದಿಗೆ ತೂರದ ತೂತುಗಳಿಗೆ, ಮಿಲ್ಲಿಂಗ್ ಮಷಿನ್‌ನಲ್ಲೇ ಎಂ6 ಟ್ಯಾಪ್ (6 ಮಿ.ಮೀ. ಬೋಲ್ಟ್‌ಗೆ ಒಳಗೆ ಥ್ರೆಡ್ ಕೊರೆಯುವ ಟೂಲ್) ಹೊಡೆಯುವಾಗ ಟ್ಯಾಪ್ ಮುರಿಯುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಈಗ ಕೆಲಸ ಪೂರ್ತಿ ಮುಗಿದಿದೆ. ನಿಮ್ಮ ಸಲಹೆಗಳಂತೆ ಬದಲಿಸಿದ ಮೇಲೆ ಒಂದೂ ಟ್ಯಾಪ್ ಮುರಿಯಲಿಲ್ಲ!

ಕೈಹಿಡಿದದ್ದು ಸ್ಪೈರಲ್ ಫ್ಲೂಟ್ ಟ್ಯಾಪ್, ಅಂದರೆ ಮೈಮೇಲಿನ ಕಾಲುವೆಗಳು ಸುರುಳಿಯಾಗಿರುವ ಟ್ಯಾಪ್. ಹ್ಯಾಂಡ್ ಟ್ಯಾಪ್‌ನಲ್ಲಿ ಚಿಪ್ಸ್ (ಕೊರೆದ ಲೋಹದ ಚೂರು) ಎಲ್ಲ ತಳದಲ್ಲೇ ತುಂಬಿಕೊಂಡು ಬಿಗಿಯುತ್ತಿತ್ತು. ಇದರಲ್ಲಿ ಸುರುಳಿ ಸುರುಳಿಯಾಗಿ ಮೇಲಕ್ಕೆ ಬರುತ್ತದೆ, ನೋಡೋಕೇ ಖುಷಿ. ಟ್ಯಾಪ್‌ಗೆ ಮೊದಲು 5.0 ಮಿ.ಮೀ. ಬದಲು 5.2 ಮಿ.ಮೀ. ಡ್ರಿಲ್ ಹಾಕಿ ಅಂದವರಿಗೂ ಥ್ಯಾಂಕ್ಸ್. ಪೂರ್ತಿ ಥ್ರೆಡ್ ಎತ್ತರದ 60 ಪರ್ಸೆಂಟ್ ಆಸುಪಾಸು ಸಿಗುತ್ತದೆ, ನನ್ನ ಕೆಲಸಕ್ಕೆ ಧಾರಾಳ ಸಾಕು. ಟ್ಯಾಪ್ ಮೇಲಿನ ಲೋಡ್ ಚೆನ್ನಾಗಿ ಇಳಿಯಿತು.

ಬಿಗಿಯಾದಾಗ ಟ್ಯಾಪ್ ಮುರಿಯದೆ ಜಾರಲಿ ಎಂದು, ಅದನ್ನು ಹಿಡಿಯುವ ಚಕ್ ಸ್ವಲ್ಪ ಸಡಿಲ ಬಿಡುವ ಸಲಹೆ ಆಗಿಬರಲಿಲ್ಲ. ಟ್ಯಾಪ್ ಜಾರಿ ಶ್ಯಾಂಕ್ (ಚಕ್ ಹಿಡಿಯುವ ಭಾಗ) ಮೇಲೆ ಗೀರು ಬಿತ್ತು ಅಷ್ಟೇ.

ಹೊಸದಾಗಿ ಗೊತ್ತಾಗಿದ್ದು ಒಂದು. ರಿವರ್ಸ್ ಹಾಕಿದ ಮೇಲೂ ಟ್ಯಾಪ್ ತಿರುಗಿಸುವ ಸ್ಪಿಂಡಲ್ ತಕ್ಷಣ ನಿಲ್ಲುವುದಿಲ್ಲ. ಎಂ6ನಲ್ಲಿ ಒಂದು ಸುತ್ತು ಜಾಸ್ತಿ ತಿರುಗಿದರೆ ಟ್ಯಾಪ್ 1 ಮಿ.ಮೀ. ಕೆಳಗಿಳಿದಂತೆ. ತಳ ತಾಗಿತೋ, ಮುರಿಯಿತು! ಹಾಗಾಗಿ ಕಡಿಮೆ ಸ್ಪೀಡ್ ಇಟ್ಟು, ಹೋಲ್ ಸ್ವಲ್ಪ ಜಾಸ್ತಿ ಆಳ ಕೊರೆಯಿರಿ. ಸ್ಪಿಂಡಲ್ ಜೊತೆ ಮೇಲೆ ಕೆಳಗೆ ಸರಿಯುವ ಕ್ವಿಲ್‌ನ ಲಾಕ್ ಬಿಚ್ಚಿಡಿ. ಶುರುವಿಗೆ ಮಾತ್ರ ಮೆಲ್ಲಗೆ ಒತ್ತಿ, ಥ್ರೆಡ್ ಕಚ್ಚಿದ ಮೇಲೆ ಟ್ಯಾಪೇ ಕ್ವಿಲ್ ಅನ್ನು ಕೆಳಗೆ ಎಳೆದುಕೊಳ್ಳುತ್ತದೆ.